ಆಲ್ಬಂ ಕೆಲಸ: ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಮುಗಿಯುವ ಹೊತ್ತಿಗೆ ಎಲ್ಲಿಗೆ ಬಂತು

ಮನೆಯ ಹಳೆಯ ಫೋಟೊಗಳ ಮೂರು ಆಲ್ಬಂಗಳಲ್ಲಿ ಎರಡರಲ್ಲಿ, ಯಾರು ಯಾರೆಂದು ಕೇಳಿ ಹೆಸರು ಹಾಕಿ ಆಯಿತು. ಸ್ಕ್ಯಾನ್ ಮಾತ್ರ ದೀಪಾವಳಿ ಕಳೆದ ಮೇಲೆಯೇ. ಉಡುಪಿಯ ಮಳೆಗಾಲದಲ್ಲಿ ಫೋಟೊದ ಜೆಲಟಿನ್ ಪದರ ತೇವ ಹೀರಿ ಮೆತ್ತಗಾಗಿರುತ್ತದೆ. ಈಗ ಎಳೆದರೆ ಮುಖವೇ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ಬರುತ್ತದೆ. ಸದ್ಯಕ್ಕೆ ಆಲ್ಬಂಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಇವೆ. ಒಳಗಿನ ತೇವಾಂಶ ಶೇ. 40–50 ಇದ್ದರೆ ಸಾಕು. 65 ದಾಟಿದರೆ ಬೂಷ್ಟು ಹಿಡಿಯುತ್ತದೆ, 30ಕ್ಕಿಂತ ಇಳಿದರೆ ಫೋಟೊ ಸುರುಳಿ ಸುತ್ತುತ್ತದೆ.

ಹೆಸರು ಹಾಕಲು ಫೋಟೊ ಬಿಡಿಸಬೇಕಾಗಿಲ್ಲ. ಪುಟವನ್ನು ಹಾಗೆಯೇ ಮೊಬೈಲಿನಲ್ಲಿ ತೆಗೆದು, ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿ, ಪ್ರತಿ ಮುಖದ ಮೇಲೂ ಒಂದೊಂದು ಸಂಖ್ಯೆ ಬರೆದು ಹಿರಿಯರ ಮುಂದೆ ಇಡುವುದು. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ, ಹೆಸರು ಹೇಳುವವರು ಸಿಗಬೇಕಲ್ಲ. ನಾವು ಬಿಟ್ಟುಹೋಗುವ ಫೋಟೊವನ್ನು ಮೊಮ್ಮಗಳು ಕೈಗೆತ್ತಿಕೊಂಡಾಗ ಅದರಲ್ಲಿರುವುದು ಯಾರೆಂದು ಅವಳಿಗೆ ತಿಳಿಯಬೇಕು. ಈ ಕೆಲಸ ಇರುವುದೇ ಅದಕ್ಕೆ.

ಒಂದು ಫೋಟೊದ ಹಿಂದೆ ‘ದೊಡ್ಡಮ್ಮ, ಕಾಪು’ ಎಂದಷ್ಟೇ ಇದೆ, ಬಾಲ್‌ಪೆನ್ನಿನಲ್ಲಿ. ಯಾರಿಗೆ ದೊಡ್ಡಮ್ಮ? ಬರೆದವರು ಇಲ್ಲದ ಮೇಲೆ ಆ ಪದಕ್ಕೆ ಅರ್ಥವಿಲ್ಲ. ಪೆನ್ನಿನ ಒತ್ತು ಬೇರೆ ಮುಂಬದಿಯಲ್ಲಿ ಕೆನ್ನೆಯ ಮೇಲೆ ಗೆರೆಯಾಗಿ ಎದ್ದಿದೆ. ಆದ್ದರಿಂದ ಈಗ ಬರೆಯುತ್ತಿರುವುದು ಪೂರ್ತಿ ಹೆಸರು, ಹುಟ್ಟಿದ ಮನೆ, ಸೇರಿದ ಮನೆ, ಅಂದಾಜು ವರ್ಷ, ಗುರುತು ಹೇಳಿದವರು ಯಾರು ಎನ್ನುವುದು. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಕುಟುಂಬಗಳಲ್ಲಿ ‘ಬರಿ’, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ತಂದೆಯ ಕಡೆಯಿಂದಲೇ ಸಾಲು ಕಟ್ಟುವ ವಂಶವೃಕ್ಷದಲ್ಲಿ ಅದು ಕಳೆದೇ ಹೋಗುತ್ತದೆ. ಬರಿಗೆ ಪ್ರತ್ಯೇಕ ಕಾಲಂ ಇಡಲೇಬೇಕು.

ಆಟಿಯಲ್ಲಿ ಹಿರಿಯರು ಮನೆಯಲ್ಲೇ ಸಿಗುತ್ತಾರೆ, ಆದರೆ ಹೆಂಚಿನ ಮೇಲೆ ಮಳೆ ಬಿದ್ದರೆ ರೆಕಾರ್ಡಿಂಗ್ ಹಾಳು. ಮಳೆ ಹೊಳವಾದಾಗ, ಫ್ಯಾನ್ ನಿಲ್ಲಿಸಿ, ಕಾಲರ್ ಮೈಕನ್ನು ಬಾಯಿಯಿಂದ ಒಂದು ಗೇಣಿನೊಳಗೆ ಸಿಕ್ಕಿಸಿ. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಮೊನೊ: ಗಂಟೆಗೆ ಸುಮಾರು 520 ಎಂಬಿ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ‘ಅಜ್ಜಿ, ಈ 7ನೇ ನಂಬರ್ ಯಾರು?’ ಎಂದರೆ ಮಾತು ಹರಿಯುತ್ತದೆ. ತುಳು ತುಳುವಿನಲ್ಲೇ ಇರಲಿ. ಕೆಸುವಿನೆಲೆಯ ಪತ್ರೊಡೆಯಂಥ ಅಡುಗೆಯಾದರೆ ಅವರ ಕೈಯಿಂದಲೇ ‘ಒಂದು ಮುಷ್ಟಿ’ ಅಕ್ಕಿ ತಕ್ಕಡಿಗೆ ಹಾಕಿಸಿ ಗ್ರಾಂ ಬರೆದುಕೊಳ್ಳಿ. ಹುಣಿಸೆಹುಳಿ ಕಡಿಮೆಯಾದರೆ ಕೆಸುವಿನೆಲೆ ಗಂಟಲು ತುರಿಸುತ್ತದೆ, ಅಳತೆ ಬೇಕಾಗುವುದು ಅಲ್ಲೇ.

ದೀಪಾವಳಿ ನಂತರ ಸ್ಕ್ಯಾನ್: 600 ಡಿಪಿಐ (ಇಂಚಿಗೆ 600 ಚುಕ್ಕಿ), ಟಿಫ್ ಫೈಲ್. 4×6 ಇಂಚಿನ ಬಣ್ಣದ ಫೋಟೊ ಒಂದಕ್ಕೆ ಸುಮಾರು 26 ಎಂಬಿ. ಎರಡು ಹಾರ್ಡ್‌ಡಿಸ್ಕ್, ಮೂರನೆಯ ಪ್ರತಿ ಬೇರೆ ಊರಿನಲ್ಲಿ. ಅಂಟುಪುಟದಿಂದ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಮೂಲೆಯಿಂದ ಗರಗಸದಂತೆ ಆಡಿಸಬೇಕು, ಚಾಕು ಬೇಡ.

ಮೂರನೆಯ ಆಲ್ಬಂನ ಒಂದು ಪುಟದಲ್ಲಿ ಐದು ಮುಖಗಳಿಗೆ ಇನ್ನೂ ಹೆಸರಿಲ್ಲ. ಪ್ರಿಂಟ್ ಸಿದ್ಧವಾಗಿದೆ, ಭಾನುವಾರ ಕುಂದಾಪುರಕ್ಕೆ ಒಯ್ಯುವುದು.