ಡಿಸ್ಕ್ ಹಾಳಾಗಿರಲಿಲ್ಲ, ಹೆಸರು ಬದಲಾಗಿತ್ತು

ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಮೆಷಿನ್ ಶುರುವಾಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅಂತ ಲಿನಕ್ಸ್‌ಗೆ ಹೇಳುವ ಫೈಲ್ ಅದು) ಯಾರಾದರೂ "/ಡೆವ್/ಎಸ್‌ಡಿಬಿ1" ಅಂತ ಕೈಯಾರೆ ಬರೆದದ್ದು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯ ಲ್ಯಾಬ್ ಅದಕ್ಕೆ ಕಾರಣ.

ಕೇರಳದ ಶಾಲೆಗಳಲ್ಲಿ ಲ್ಯಾಬ್ ಅಂದರೆ ಉಬುಂಟು ಅನ್ನುವ ಲಿನಕ್ಸ್ ಓಎಸ್, ಎಸ್‌ಎಸ್‌ಎಲ್‌ಸಿ ಐಟಿ ಪ್ರಾಕ್ಟಿಕಲ್ ಕೂಡ ಅದರಲ್ಲೇ. ಆ ಸರ್ವರ್‌ನಲ್ಲಿ ಓಎಸ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ, ಮಕ್ಕಳ ಫೈಲುಗಳೆಲ್ಲ ಹಾರ್ಡ್‌ಡಿಸ್ಕ್‌ನಲ್ಲಿ. ಪರೀಕ್ಷೆಯ ಹಿಂದಿನ ದಿನ ಕರೆಂಟ್ ಹೋಗಿ ಬಂತು, ಯುಪಿಎಸ್ ತಡೆಯಲಿಲ್ಲ, ಮೆಷಿನ್ ಪೂರ್ತಿ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಟ್ಟಿತು. ಲಾಗ್ ನೋಡಿದರೆ 'ಬ್ಯಾಡ್ ಸೂಪರ್‌ಬ್ಲಾಕ್', ಅಂದರೆ ಡಿಸ್ಕಿನ ಫೈಲ್ ಸಿಸ್ಟಮ್ ಓದಲಾಗುತ್ತಿಲ್ಲ ಅಂತ. ಪಕ್ಕದಲ್ಲಿ ನಿಂತಿದ್ದ ಟೀಚರ್ "ಮಕ್ಕಳದ್ದೆಲ್ಲ ಹೋಯ್ತಾ?" ಅಂತ ಕೇಳಿದರು. ನನಗೂ ಹಾಗೇ ಅನ್ನಿಸಿತ್ತು. ಸರ್ವೀಸ್ ಕಂಪನಿಗೆ ಫೋನ್ ಮಾಡಿದರೆ ಅವರು ಏನನ್ನೂ ವಿಚಾರಿಸದೆ, "ಎಸ್‌ಡಿಬಿ ಹೋಗಿದೆ, ಫಾರ್ಮ್ಯಾಟ್ ಮಾಡಿ ಬ್ಯಾಕಪ್ ಹಾಕಿ" ಅಂದರು.

ಫಾರ್ಮ್ಯಾಟ್ ಕಮಾಂಡ್ ಟೈಪ್ ಆಗಿತ್ತು. ಎಂಟರ್ ಒತ್ತುವ ಮೊದಲು ಯಾವುದರಲ್ಲಿ ಯಾವ ಫೈಲ್ ಸಿಸ್ಟಮ್ ಇದೆ ನೋಡೋಣ ಅಂತ 'ಎಲ್‌ಎಸ್‌ಬಿಎಲ್‌ಕೆ -ಎಫ್' ಹಾಕಿದೆ. ಎಸ್‌ಡಿಬಿ1 ಎದುರು ವಿಫ್ಯಾಟ್ ಅನ್ನುವ ಫೈಲ್ ಸಿಸ್ಟಮ್ ಬಂತು. ಅದು ಎಸ್‌ಎಸ್‌ಡಿಯ ಬೂಟ್ ಪಾರ್ಟಿಷನ್! ಮಕ್ಕಳ ಡಿಸ್ಕ್ ಎಸ್‌ಡಿಎ ಆಗಿ ಹಾಯಾಗಿ ಕೂತಿತ್ತು. ಎಂಟರ್ ಒತ್ತಿದ್ದರೆ ಮರುದಿನ ಮೆಷಿನ್ ಏಳುತ್ತಲೇ ಇರಲಿಲ್ಲ.

ಎಸ್‌ಡಿಎ, ಎಸ್‌ಡಿಬಿ ಅನ್ನೋದು ಡಿಸ್ಕಿನ ಹೆಸರೇ ಅಲ್ಲ. ಕರ್ನಲ್ (ಓಎಸ್‌ನ ತಿರುಳು) ಕಣ್ಣಿಗೆ ಬಿದ್ದ ಸರದಿಯಲ್ಲಿ ಕೊಡುವ ಅಕ್ಷರ ಅಷ್ಟೇ. ಬೆಳಿಗ್ಗೆ ಮೊದಲು ಕ್ಲಾಸಿಗೆ ಬಂದವರಿಗೆ ಒಂದನೇ ನಂಬರ್ ಕೊಟ್ಟ ಹಾಗೆ. ಡಿಸ್ಕ್‌ಗಳನ್ನು ಒಟ್ಟೊಟ್ಟಿಗೇ ಹುಡುಕುವುದರಿಂದ ಇವತ್ತಿನ ಸರದಿ ನಾಳೆ ಇರುತ್ತದೆ ಅನ್ನುವ ಹಾಗಿಲ್ಲ. ಓಎಸ್‌ನ ಸಾಲನ್ನು ಇನ್‌ಸ್ಟಾಲರ್ ಯುಯುಐಡಿ (ಫೈಲ್ ಸಿಸ್ಟಮ್‌ನ ಸ್ವಂತ ಗುರುತು) ಹಾಕಿಯೇ ಬರೆದಿತ್ತು, ಹಾಗಾಗಿ ಅರ್ಧ ಬೂಟ್ ಆಯಿತು. ಕಂಪನಿಯವರು ಎಸ್‌ಡಿಬಿ1 ಅಂತ ಕೈಯಾರೆ ಸೇರಿಸಿದ ಸಾಲಿನಲ್ಲಿ ಸಿಕ್ಕಿಬಿತ್ತು. ಇನ್ನೊಮ್ಮೆ ರೀಬೂಟ್ ಮಾಡಿದರೆ ಏನೂ ಆಗದ ಹಾಗೆ ಎದ್ದಿತು. ಇಂಥ ಕಡೆಯೇ ಜನ ಮೋಸಹೋಗುವುದು, ಸರಿಯಾಯ್ತಲ್ವಾ ಅಂತ ಎದ್ದು ಹೋಗುತ್ತಾರೆ.

ಆ ಸಾಲಿಗೆ ಯುಯುಐಡಿ ಹಾಕಿದೆ. ಫೈಲ್ ಸಿಸ್ಟಮ್ ಮಾಡುವಾಗಲೇ ಅದರೊಳಗೆ ಬರೆದಿರುವ ಗುರುತು ಅದು, ಕೇಬಲ್ ಬದಲಿಸಿದರೂ ಅದೇ ಇರುತ್ತದೆ. ಇಎಕ್ಸ್‌ಟಿ4 ಬಗೆಯ ಫೈಲ್ ಸಿಸ್ಟಮ್‌ನಲ್ಲಿ ಉದ್ದದ್ದು, ಫ್ಯಾಟ್‌ನಲ್ಲಿ ಎಂಟೇ ಅಕ್ಷರ. ಆಮೇಲೆ ಆ ಫೈಲಿನ ಸಾಲುಗಳಂತೆ ಡಿಸ್ಕ್ ಜೋಡಿಸುವ 'ಮೌಂಟ್ -ಎ' ಹಾಕಿ ಅಲ್ಲೇ ಪರೀಕ್ಷಿಸಿದೆ. ಆ ಸಾಲಿನಲ್ಲಿ ನೋಫೇಲ್ ಅನ್ನುವ ಆಯ್ಕೆ ಸುಮ್ನೆ ಹಾಕಬೇಡಿ. ಹಾಕಿದರೆ ಡಿಸ್ಕ್ ಸಿಗದಿದ್ದರೂ ಮೆಷಿನ್ ಏಳುತ್ತದೆ ನಿಜ, ಆದರೆ ಮಕ್ಕಳ ಫೈಲುಗಳು ಖಾಲಿ ಫೋಲ್ಡರಿಗೆ, ಅಂದರೆ ಎಸ್‌ಎಸ್‌ಡಿಗೇ ಹೋಗಿ ಬೀಳುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ.

ಯುಯುಐಡಿಯೂ ಕೈಕೊಡುವ ಒಂದು ಜಾಗ ಇದೆ. ಲ್ಯಾಬ್ ಮೆಷಿನ್‌ಗಳನ್ನು ಕ್ಲೋನ್ ಮಾಡುವವರು ಜಾಸ್ತಿ, ಕ್ಲೋನ್ ಮಾಡಿದಾಗ ಅದೂ ನಕಲಾಗುತ್ತದೆ. ಎರಡೂ ಡಿಸ್ಕ್ ಒಂದೇ ಮೆಷಿನ್‌ನಲ್ಲಿ ಉಳಿದರೆ ಯಾವುದು ಮೌಂಟ್ ಆಗುತ್ತದೋ ಹೇಳಲಿಕ್ಕಾಗದು. ಒಂದನ್ನು ಕಳಚಿ, ಇಲ್ಲವೇ 'ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್' ಹಾಕಿ (ಯು ಕ್ಯಾಪಿಟಲ್) ಅದರ ಯುಯುಐಡಿ ಬದಲಿಸಿ. ನಾನಂತೂ ಡಿಸ್ಕಿನ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸುತ್ತೇನೆ. ಫಾರ್ಮ್ಯಾಟ್ ಮಾಡಲೇಬೇಕಾದರೆ '/ಡೆವ್/ಡಿಸ್ಕ್/ಬೈ-ಐಡಿ' ಒಳಗಿನ, ಸೀರಿಯಲ್ ನಂಬರ್ ಇರುವ ಹೆಸರನ್ನು ಆ ಚೀಟಿಗೆ ತಾಳೆ ನೋಡಿಯೇ ಕೈ ಹಾಕುವುದು.