ಸಿಮ್ಸ್ ರಿಪೋರ್ಟುಗಳು ಮತ್ತು ನಮ್ಮ ಸೀ ಟ್ರಯಲ್

ಮುಂಬೈಯ ಹಾರ್ಬರ್ ಲೈನ್ ರೈಲಿನಲ್ಲಿ ಡಾಕ್‌ಯಾರ್ಡ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಹಡಗು ರಿಪೇರಿಗೆ ಸೇರುವ ನಮ್ಮ ಕನ್ನಡದ ಹುಡುಗರು ಸ್ಪ್ಯಾನರ್ ಹಿಡಿಯುವುದನ್ನು ಬೇಗ ಕಲಿಯುತ್ತಾರೆ. ರಿಪೋರ್ಟ್ ಬರೆಯಲು ವರ್ಷಗಳೇ ಬೇಕು. ಅಂಥವರು ಅಮೆರಿಕದ ನೌಕಾಧಿಕಾರಿ ವಿಲಿಯಂ ಸಿಮ್ಸ್ ಅವರ ಕಥೆ ತಿಳಿದಿರಬೇಕು.

1899ರಲ್ಲಿ ಅಮೆರಿಕದ 5 ಯುದ್ಧನೌಕೆಗಳು 1,600 ಗಜ ದೂರದ ಹಳೇ ಹಡಗಿನತ್ತ ತಲಾ 5 ನಿಮಿಷ ಗುಂಡು ಹಾರಿಸಿದವು. ತಗುಲಿದ್ದು ಎರಡು, ಅದೂ ಹಾಯಿಗೆ. ಓಲಾಡುವ ಹಡಗಿನಲ್ಲಿ ಗುರಿ ನೇರಕ್ಕೆ ಬರುವ ಕ್ಷಣಕ್ಕೆ ಕಾದು ಹೊಡೆಯುವುದು ಆಗಿನ ರೂಢಿ. ಬ್ರಿಟಿಷ್ ಅಧಿಕಾರಿ ಪರ್ಸಿ ಸ್ಕಾಟ್ ಅದನ್ನು ಮುರಿದಿದ್ದರು. ತೋಪಿನ ಮೂತಿ ಏರಿಳಿಸುವ ಚಕ್ರದ ಗೇರ್ ಅನುಪಾತ ಬದಲಿಸಿದರು. ತೋಪು ಹಿಂದಕ್ಕೆ ಒದ್ದರೂ ಕಣ್ಣಿಗೆ ಬಡಿಯದಂತೆ ದುರ್ಬೀನು ಕೂರಿಸಿದರು. ತೋಪಿನೊಳಗೆ ಸಣ್ಣ ರೈಫಲ್ ಇಟ್ಟು, ಮೂತಿಯ ಮುಂದೆ ಏರಿಳಿಯುವ ಪುಟ್ಟ ಗುರಿಗೆ ದಿನವೂ ಹೊಡೆಸಿದರು. ಗನ್ನರ್ ಚಕ್ರ ತಿರುಗಿಸುತ್ತಲೇ ಗುರಿಯನ್ನು ಬಿಡದೆ ಹಿಡಿಯತೊಡಗಿದ.

ಚೀನಾ ಕರಾವಳಿಯಲ್ಲಿ ಸ್ಕಾಟ್ ಅವರಿಂದ ಇದನ್ನು ಕಲಿತ ಸಿಮ್ಸ್ ವಾಷಿಂಗ್ಟನ್‌ಗೆ ಅಂಕಿಅಂಶ ತುಂಬಿದ 13 ರಿಪೋರ್ಟ್ ಕಳಿಸಿದರು. ಮೊದಲು ಉತ್ತರವೇ ಇಲ್ಲ. ಕೆಲವನ್ನು ಜಿರಳೆ ಅರ್ಧ ತಿಂದಿದ್ದವು! ಆಮೇಲೆ ಬಂದ ಉತ್ತರ: ನಮ್ಮ ಸಲಕರಣೆ ಸರಿಯಿದೆ, ತಪ್ಪು ತರಬೇತಿಯದು, ಈ ವಿಧಾನ ಅಸಾಧ್ಯ. ಪುರಾವೆಗೆ ಟೆಸ್ಟೂ ಇತ್ತು. 10 ಸೆಕೆಂಡಿನಲ್ಲಿ 5 ಡಿಗ್ರಿ ಓಲಾಟ ಸರಿದೂಗಿಸಲು 6 ಇಂಚಿನ ತೋಪಿಗೆ 5 ಜನರೂ ಸಾಲರು ಎಂದು.

ಎಡವಟ್ಟು ಇಲ್ಲಿದೆ: ಟೆಸ್ಟ್ ಮಾಡಿದ್ದು ನೆಲದ ಮೇಲೆ. ಅಲ್ಲಿ ಸುಮ್ಮನೆ ನಿಂತ ಅಷ್ಟು ಭಾರದ ತೋಪನ್ನು ಕದಲಿಸಿ, ಮತ್ತೆ ನಿಲ್ಲಿಸಬೇಕು. ಕಡಲಲ್ಲಿ ಹಡಗು ಓಲಾಡಿದರೂ ಸಮತೂಕದ ತೋಪು ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ, ಗನ್ನರ್ ಘರ್ಷಣೆಯಷ್ಟನ್ನು ನೀಗಿದರೆ ಸಾಕು.

ಸಿಮ್ಸ್ 1901ರಲ್ಲಿ ನೇರ ಅಧ್ಯಕ್ಷ ರೂಸ್‌ವೆಲ್ಟ್‌ಗೇ ಬರೆದರು. (ನಮ್ಮಲ್ಲಿ ಆ ದಾರಿ ಹಿಡಿದರೆ ಮೊದಲು ಹೋಗುವುದು ಗೇಟ್ ಪಾಸ್.) 1902ರಲ್ಲಿ ಗುರಿ ಅಭ್ಯಾಸದ ಇನ್‌ಸ್ಪೆಕ್ಟರ್ ಆದರು. 1899ರ ಆ ಗುರಿ ಅಭ್ಯಾಸವಾಗಿ 6 ವರ್ಷಕ್ಕೆ, ಅದೇ ದೂರದಿಂದ ಒಬ್ಬ ಗನ್ನರ್ ನಿಮಿಷಕ್ಕೆ 15 ಏಟು ತಾಗಿಸಿದ. ಮೊದಲ ಮಹಾಯುದ್ಧದ ಬಗ್ಗೆ ಸಿಮ್ಸ್ ಸಹಲೇಖಕರೊಂದಿಗೆ ಬರೆದ ಪುಸ್ತಕಕ್ಕೆ 1921ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ನಮ್ಮ ಕೆಲಸದಲ್ಲಿ ಇದೇ ಎಡವಟ್ಟು ತಿರುಗುಮುರುಗಾಗಿ ಬರುತ್ತದೆ. ಬರ್ತ್‌ನಲ್ಲಿ, ಅಂದರೆ ಹಡಗು ಕಟ್ಟಿ ನಿಲ್ಲಿಸುವ ಜಾಗದಲ್ಲಿ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಸರಿ ತೋರಿಸುತ್ತದೆ, ಅಲ್ಲೇ ಎಂಜಿನ್ ಓಡಿಸಿ ನೋಡುವ ಡಾಕ್ ಟ್ರಯಲ್ ಪಾಸ್. ಸೀ ಟ್ರಯಲ್‌ಗೆ, ಅಂದರೆ ಕಡಲಲ್ಲಿ ಓಡಿಸಿ ನೋಡಲು ಹೊರಗೆ ಹೋದಾಗ ಹಡಗು ವಾಲಿ, ಸಂಪ್‌ನ (ಎಂಜಿನ್ ತಳದ ತೊಟ್ಟಿಯ) ಆಯಿಲ್ ಒಂದು ಬದಿಗೆ ಸರಿದು, ಪಂಪಿಗೆ ಆಯಿಲ್ ಎಳೆಯುವ ಸಕ್ಷನ್ ಪೈಪಿನ ಬಾಯಿ ಗಾಳಿ ಎಳೆಯುತ್ತದೆ; ಲ್ಯೂಬ್ ಆಯಿಲ್ ಪ್ರೆಶರ್ ಇಳಿದು ಅಲಾರಂ ಹೊಡೆಯುತ್ತದೆ. ಪಂಪ್ ಬಿಚ್ಚಿದರೆ ಅದರಲ್ಲಿ ದೋಷವೇ ಇರುವುದಿಲ್ಲ.

ಹಾಗಾಗಿ ಪ್ರೆಶರ್ ಒಂದನ್ನೇ ಬರೆದ ರಿಪೋರ್ಟ್ ಪ್ರಯೋಜನಕ್ಕಿಲ್ಲ. ಅದರ ಪಕ್ಕದಲ್ಲೇ ಸಂಪ್ ಲೆವೆಲ್, ಆಯಿಲ್ ತಾಪಮಾನ, ಹಡಗು ಎಷ್ಟು ಡಿಗ್ರಿ ವಾಲಿತ್ತು, ಒಂದು ಓಲಾಟಕ್ಕೆ ಎಷ್ಟು ಸೆಕೆಂಡ್, ಅಲಾರಂ ಯಾವ ಬದಿಗೆ ವಾಲಿದಾಗ ಬಂತು, ಇವಿಷ್ಟೂ ಬೇಕು. ಚೀಫ್ ಇಂಜಿನಿಯರ್ ಸಹಿಯನ್ನು ಎಂಜಿನ್ ಓಡುತ್ತಿರುವಾಗಲೇ ಹಾಕಿಸಿಕೊಳ್ಳಿ, ಬರ್ತ್‌ಗೆ ಬಂದ ಮೇಲಲ್ಲ.