ಬಾಯಿ ಮುಚ್ಚಿಸುವ ದಾವೆಗೆ ಆಂಟಾರಿಯೊದ ತಡೆ

ಕೆನಡಾದ ಆಂಟಾರಿಯೊದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು, ಹಳ್ಳದ ದಂಡೆಯ ಮರಗಳನ್ನು ಕಡಿದು ಮನೆ ಕಟ್ಟುವ ಯೋಜನೆಯನ್ನು ವಿರೋಧಿಸಿ ನಗರಸಭೆಯ ಸಾರ್ವಜನಿಕ ಸಭೆಯಲ್ಲಿ ಮಾತನಾಡಿದ ಕೆಲವೇ ದಿನಗಳಲ್ಲಿ ಅವರಿಗೆ ವಕೀಲರ ನೋಟಿಸ್ ಬಂತು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ ನನಗೆ ತೋರಿಸಿದರು. ಕೇಳಿದ್ದ ಪರಿಹಾರದ ಮೊತ್ತದ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ಅದು ಅವರ ಮನೆಯ ಬೆಲೆಗಿಂತ ಹೆಚ್ಚಿತ್ತು. ವಾರದೊಳಗೆ, ಮನವಿ ಪತ್ರಕ್ಕೆ ಸಹಿ ಹಾಕಿದ್ದ ಮೂವರು ತಮ್ಮ ಹೆಸರು ತೆಗೆಯಿರೆಂದು ಕೇಳಿಕೊಂಡರು. ಇಂಥ ದಾವೆ ಹೂಡುವವರು ಗೆಲ್ಲಲೇಬೇಕೆಂದಿಲ್ಲ. ವರ್ಷಗಟ್ಟಲೆ ಅಲೆಸಿ, ವಕೀಲರ ಫೀಸಿನಲ್ಲೇ ಎದುರಾಳಿಯನ್ನು ಬಸವಳಿಸಿದರೆ ಅವರ ಕೆಲಸ ಆಯಿತು.

ಇದನ್ನು ತಡೆಯಲೆಂದೇ ಆಂಟಾರಿಯೊ 2015ರಲ್ಲಿ ಸಾರ್ವಜನಿಕ ಭಾಗವಹಿಸುವಿಕೆಯನ್ನು ರಕ್ಷಿಸುವ ಕಾಯ್ದೆಯನ್ನು ತಂದಿತು. ತಾನು ಆಡಿದ್ದು ಸಾರ್ವಜನಿಕ ಹಿತಾಸಕ್ತಿಯ ವಿಷಯವೆಂದು ಪ್ರತಿವಾದಿ ತೋರಿಸಿದರೆ ಸಾಕು, ಹೊರೆ ವಾದಿಯ ಹೆಗಲಿಗೆ ಬೀಳುತ್ತದೆ: ದಾವೆಯಲ್ಲಿ ಗಟ್ಟಿಯಾದ ಹುರುಳಿದೆಯೆಂದೂ, ತನಗಾದ ಹಾನಿ ಆ ಮಾತಿನ ರಕ್ಷಣೆಗಿಂತ ಗುರುತರವೆಂದೂ ಅವರೇ ಮನವರಿಕೆ ಮಾಡಿಕೊಡಬೇಕು. ಅಲ್ಲಿಯವರೆಗೆ ಮೊಕದ್ದಮೆ ಮುಂದೆ ಸಾಗುವಂತಿಲ್ಲ. ದಾವೆ ವಜಾ ಆದರೆ ಪ್ರತಿವಾದಿಯ ಪೂರ್ತಿ ಖರ್ಚನ್ನು ಸಾಮಾನ್ಯವಾಗಿ ವಾದಿಯೇ ಭರಿಸಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಕಾಯ್ದೆಯ ಜೀವ ಇರುವುದು ಈ ಖರ್ಚಿನ ನಿಯಮದಲ್ಲಿಯೇ.

ಸೂ ಸೇಂಟ್ ಮರೀ ಪಟ್ಟಣದ ಪ್ರಕರಣ ಇಲ್ಲಿ ಎಲ್ಲರ ಬಾಯಲ್ಲಿದೆ. 91 ನಿವೇಶನಗಳ ಬಡಾವಣೆಯಿಂದ ಜೌಗು ಪ್ರದೇಶಕ್ಕೆ ಹಾನಿಯಾಗುತ್ತದೆಂದು ನಾಗರಿಕ ಸಂಘದ ಅಧ್ಯಕ್ಷರು ಭೂಬಳಕೆಯ ತಕರಾರುಗಳನ್ನು ಆಲಿಸುವ ಮಂಡಳಿಯ ಮುಂದೆ ಸಾಕ್ಷ್ಯ ನುಡಿದಾಗ, ಸಂಘವು ತನ್ನೊಂದಿಗೆ ಮಾಡಿಕೊಂಡಿದ್ದ ಹಿಂದಿನ ಒಪ್ಪಂದವನ್ನು ಮುರಿದರೆಂದು ಬಡಾವಣೆಯ ಕಂಪನಿಯು 60 ಲಕ್ಷ ಡಾಲರಿನ ದಾವೆ ಹೂಡಿತು. ಮಾನನಷ್ಟದ ಮಾತೇ ಇಲ್ಲದೆ, ಬರೀ ಒಪ್ಪಂದದ ಹೆಸರಿನಲ್ಲಿಯೂ ಬಾಯಿ ಕಟ್ಟಬಹುದೆಂಬುದನ್ನು ಗಮನಿಸಬೇಕು. ಮೊದಲ ನ್ಯಾಯಾಧೀಶರು ದಾವೆ ಮುಂದುವರಿಯಲೆಂದರೂ ಮೇಲ್ಮನವಿ ನ್ಯಾಯಾಲಯ ಅದನ್ನು ವಜಾ ಮಾಡಿತು. 2020ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಸಂಘದ ಪರವಾಗಿಯೇ ತೀರ್ಪಿತ್ತಿತು. ಆ ಹೊತ್ತಿಗೆ ವರ್ಷಗಳೇ ಉರುಳಿದ್ದವೆಂಬುದು ನನಗೆ ಈಗಲೂ ನೋವಿನ ಸಂಗತಿ.

ಬೆಂಗಳೂರಿನಲ್ಲಿ ಕೆರೆ ಉಳಿಸಲು ಓಡಾಡುವ ನನ್ನ ಭಾವ, "ನಮ್ಮಲ್ಲಿ ಇಂಥದ್ದು ಇದೆಯೇನಪ್ಪಾ?" ಎಂದು ಫೋನಿನಲ್ಲಿ ಕೇಳಿದರು. ಪ್ರತ್ಯೇಕ ಕಾಯ್ದೆ ಇನ್ನೂ ಇಲ್ಲ, ಭಾವ, ಎಂದೆ. ಆದರೆ ವಿಚಾರಣೆಗೆ ಮೊದಲೇ ಬರಹಗಳಿಗೆ ತಡೆಯಾಜ್ಞೆ ಕೊಡುವಾಗ ಇಂಥ ದಾವೆಗಳ ಬಗ್ಗೆ ಎಚ್ಚರವಿರಲಿ ಎಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಅವರಿಗೆ ಅಂದೇ ಕಳುಹಿಸಿದೆ.

ಪಕ್ಕದ ಮನೆಯವರ ಪರವಾಗಿ ವಕೀಲರೊಬ್ಬರು ಈ ಕಾಯ್ದೆಯನ್ನು ಉಲ್ಲೇಖಿಸಿ ಉತ್ತರ ಬರೆದ ಮೇಲೆ ಎರಡನೆಯ ನೋಟಿಸ್ ಬರಲಿಲ್ಲ. ಹೆಸರು ತೆಗೆಸಿದ್ದ ಮೂವರಲ್ಲಿ ಒಬ್ಬರು ಮಾತ್ರ ಮತ್ತೆ ಸಹಿ ಹಾಕಿದರು.